ಜೀವನಾಂಶಕ್ಕೆ ಅಡ್ಡ ಬಂದ ಪರಪುರುಷರು

ತಮಾಷೆ ಪ್ರಸಂಗಗಳನ್ನು ನಾನು ಹುಡುಕಿಕೊಂಡು ಹೋಗುವುದಿಲ್ಲ. ವಿಜಯನಗರದ ಬಳೆ ಅಂಗಡಿಯೊಂದರ ಮೇಲೆ ಒಂದೂವರೆ ಕೋಣೆಯ ಆಫೀಸು ಮಾಡಿಕೊಂಡು ಇಪ್ಪತ್ತೆರಡು ವರ್ಷದಿಂದ ಗಂಡ-ಹೆಂಡಿರ ಕೇಸು ನಡೆಸುತ್ತಿದ್ದೇನೆ, ಅವೇ ಮೆಟ್ಟಿಲು ಹತ್ತಿ ಬರುತ್ತವೆ. ಈ ವಕೀಲಿಕೆ ನನಗೆ ಸಂಪಾದಿಸಿ ಕೊಟ್ಟದ್ದು ಎರಡು: ಸೊಂಟನೋವು ಮತ್ತು ಅನುಮಾನ. ಸೊಂಟನೋವಿಗೆ ಎಣ್ಣೆ ಹಚ್ಚಿಕೊಳ್ಳಬಹುದು. ಅನುಮಾನಕ್ಕೆ ಮದ್ದು ಸಿಕ್ಕಿಲ್ಲ. ಮೊಸರಿನ ಪ್ಯಾಕೆಟ್ಟಿನ ತಾರೀಖನ್ನು ಎರಡು ಸಲ ಓದುತ್ತೇನೆ. ಯಜಮಾನರು ಹಬ್ಬವಿಲ್ಲದ ದಿನ ಮಲ್ಲಿಗೆ ಹೂ ತಂದರೆ, ಮುಡಿಯುವ ಮೊದಲು ಅವರ ಮುಖವನ್ನೊಮ್ಮೆ ಚೆನ್ನಾಗಿ ನೋಡುತ್ತೇನೆ.

ಇಲ್ಲಿ ಹೇಳುತ್ತಿರುವುದೆಲ್ಲ ಒಂದೇ ಕೇಸಿನಲ್ಲಿ ನಡೆದದ್ದು. ಅದಕ್ಕೆ ಸ್ವಲ್ಪ ಕಾನೂನು ಬೇಕು, ಸ್ವಲ್ಪವೇ. ಹೆಂಡತಿ ಇನ್ನೊಬ್ಬನ ಜೊತೆ ಸಂಸಾರ ಮಾಡಿಕೊಂಡಿದ್ದಾಳೆ ಎಂದು ಗಂಡ ರುಜುವಾತು ಮಾಡಿದರೆ ಆಕೆಗೆ ಜೀವನಾಂಶ ಸಿಗುವುದಿಲ್ಲ. ಆದರೆ ಎಲ್ಲೋ ಯಾರ ಜೊತೆಯೋ ಕಂಡಳು, ನಕ್ಕಳು ಅಂದರೆ ಸಾಲದು. ಗಂಡನ ನಡತೆ ಹೇಗಿತ್ತು ಅನ್ನುವುದನ್ನೂ ಕೋರ್ಟು ನೋಡುತ್ತದೆ. ಇದರಲ್ಲಿ ಮೊದಲನೆಯ ಮಾತು ಮಾತ್ರ ಗಂಡಂದಿರ ಕಿವಿಗೆ ಬೀಳುತ್ತದೆ. ಉಳಿದದ್ದನ್ನು ಹೇಳಿ ಮುಗಿಸುವಷ್ಟರಲ್ಲಿ ಅವರು ಮೊಬೈಲಿನ ಕ್ಯಾಮೆರಾ ತೆರೆದುಕೊಂಡು ಬೀದಿಗೆ ಇಳಿದಿರುತ್ತಾರೆ.

ಸಂದರ್ಶನ

ಆ ಕೇಸಿನ ಹೆಂಡತಿ ನನ್ನ ಹತ್ತಿರ ಬಂದದ್ದು ಒಂದು ಸೋಮವಾರ ಮಧ್ಯಾಹ್ನ. ವಯಸ್ಸು ಮೂವತ್ತೈದರ ಆಸುಪಾಸು, ಕೈಯಲ್ಲಿ ಕಾಗದ ತುಂಬಿದ ಪ್ಲಾಸ್ಟಿಕ್ ಕವರು. ಕುರ್ಚಿ ತೋರಿಸಿದೆ. ಕೂರಲಿಲ್ಲ.

"ಮೇಡಂ, ನಿಮ್ಮದು ಯಾವೂರು?"

"ಇಲ್ಲೇ, ರಾಜಾಜಿನಗರ."

"ಅದಕ್ಕೂ ಮುಂಚೆ?"

"ನಮ್ಮ ತಂದೆಯವರದ್ದು ಚನ್ನಪಟ್ಟಣದ ಹತ್ತಿರ."

"ಯಜಮಾನ್ರದು?"

"ಮಾಗಡಿ ಕಡೆ. ಯಾಕಮ್ಮ?"

"ಕೆಂಗೇರಿ ಕಡೆ ನೆಂಟರು ಯಾರಾದ್ರೂ ಇದಾರಾ? ಮದುವೆ, ನಾಮಕರಣ, ತಿಥಿ, ಯಾವುದಕ್ಕೂ ಆ ಕಡೆ ಹೋಗಲ್ವಾ?"

ನನ್ನನ್ನು ಹೆಣ್ಣು ನೋಡಲು ಬಂದವರೂ ಇಷ್ಟು ವಿಚಾರಿಸಿರಲಿಲ್ಲ. ಇಲ್ಲ ಅಂದ ಮೇಲೆ ಆಕೆ ಕುರ್ಚಿಯ ತುದಿಯಲ್ಲಿ ಕೂತು ಕಾರಣ ಹೇಳಿದಳು. ಮೊದಲು ಕೆಂಗೇರಿಯಲ್ಲೇ ಒಬ್ಬ ವಕೀಲರ ಹತ್ತಿರ ಹೋಗಿದ್ದಳಂತೆ. ಎರಡು ಗಂಟೆ ಕೂತು ಕಣ್ಣೀರು ಹಾಕಿ ಎಲ್ಲ ಹೇಳಿ ಮನೆಗೆ ಬಂದರೆ, ಬಾಗಿಲಲ್ಲೇ ನಿಂತಿದ್ದ ಗಂಡ ಅದನ್ನೆಲ್ಲ ಒಂದಕ್ಷರ ಬಿಡದೆ ಒಪ್ಪಿಸಿದನಂತೆ. ಆ ವಕೀಲರು ಅವನ ಚಿಕ್ಕಪ್ಪನ ಮಗನ ಷಡ್ಡಕ.

ಗಂಡನದು ಹಳೇ ಕೆಂಗೇರಿಯ ಮನೆತನ, ಮನೆಯಲ್ಲಿ ವಯಸ್ಸಾದ ತಾಯಿ. ಹೊಲವೆಲ್ಲ ಸೈಟಾಗಿ, ಈಗ ಕೆಂಗೇರಿ ಉಪನಗರದಲ್ಲಿ ಎರಡು ಕಟ್ಟಡದ ಬಾಡಿಗೆ ಬರುತ್ತದೆ. ಆತನಿಗೆ ಬೇರೆ ಕೆಲಸವಿಲ್ಲ, ಹಾಗಾಗಿ ಅನುಮಾನಪಡಲು ಬೇಕಾದಷ್ಟು ಹೊತ್ತು. ಹಾಲಿನವನನ್ನು 'ಅಣ್ಣ' ಅಂದರೆ ಯಾಕೆ ಅಂದೆ ಎಂದು ಜಗಳ, ಅನ್ನದಿದ್ದರೆ ಯಾಕೆ ಅನ್ನಲಿಲ್ಲ ಎಂದು ಜಗಳ. ಹದಿಮೂರು ವರ್ಷ ಸಹಿಸಿಕೊಂಡು ಕೊನೆಗೆ ಈಕೆ ಆರನೇ ಕ್ಲಾಸಿನ ಮಗಳನ್ನು ಕರೆದುಕೊಂಡು ಅತ್ತಿಗುಪ್ಪೆಯಲ್ಲಿ ಎರಡನೇ ಮಹಡಿಯ ಒಂದು ಸಣ್ಣ ಮನೆ ಹಿಡಿದಿದ್ದಳು. ಕೈಯಲ್ಲಿ ಕೆಲಸವಿಲ್ಲ. ಅಕ್ಕ ಕೊಡುತ್ತಿದ್ದ ದುಡ್ಡಿನಲ್ಲಿ ಬಾಡಿಗೆ. ಜೀವನಾಂಶ ಸಿಕ್ಕರೆ ಆ ಮನೆ ಉಳಿಯುತ್ತದೆ, ಇಲ್ಲದಿದ್ದರೆ ಸೋತು ಅದೇ ಮನೆಗೆ ವಾಪಸ್ಸು. ಕೇಳಿ ನನಗೆ ಹೊಟ್ಟೆಯುರಿದುಹೋಯಿತು.

ಹೊಟ್ಟೆ ಉರಿದರೂ ಬುದ್ಧಿ ಬಿಡಲಾದೀತೇ? ಎಲ್ಲರನ್ನೂ ಕೇಳುವುದನ್ನು ಆಕೆಯನ್ನೂ ಕೇಳಿದೆ. "ನೋಡಮ್ಮ, ನನ್ನ ಹತ್ತಿರ ಏನೂ ಮುಚ್ಚಿಡಬೇಡ. ನಿಜ ಹೇಳು, ಬೇರೆ ಯಾರಾದ್ರೂ ಇದಾರಾ?"

ಆಕೆ ಎದ್ದು ನಿಂತು ಕವರನ್ನು ಎದೆಗೆ ಅವುಚಿಕೊಂಡಳು. "ನೀವೂ ನಿಜ ಹೇಳಿ ಮೇಡಂ. ನಿಮಗೆ ಕೆಂಗೇರೀಲಿ ಖಂಡಿತ ಯಾರೂ ಇಲ್ವಾ?"

ಹತ್ತು ದಿನ, ಏಳು ಗಂಡಸರು

ಜೀವನಾಂಶಕ್ಕೆ ಅರ್ಜಿ ಹಾಕಿದೆವು. ಗಂಡನ ತಕರಾರು ಬಂತು. ಓದಿದರೆ ನನ್ನ ಕನ್ನಡಕವೇ ಜಾರಿತು. ಹತ್ತು ದಿನದಲ್ಲಿ ಏಳು ಬೇರೆ ಬೇರೆ ಗಂಡಸರ ಜೊತೆ ಅರ್ಜಿದಾರಳು ಬೈಕಿನಲ್ಲಿ ಹೋಗಿದ್ದಾಳೆ, ಎಲ್ಲದಕ್ಕೂ ಫೋಟೋ ಇದೆ ಎಂದು ಬರೆದಿದ್ದ. ಸೋಮವಾರ ನೀಲಿ ಶರ್ಟಿನವನು, ಮಂಗಳವಾರ ಗಡ್ಡದವನು, ಬುಧವಾರ ಹೊಟ್ಟೆಯವನು. ಪಟ್ಟಿ ಮದುವೆ ಊಟದ್ದಷ್ಟು ಉದ್ದವಿತ್ತು.

ಆಕೆಯನ್ನು ಕರೆಸಿ ಮುಂದೆ ಹರಡಿದೆ. ಆಕೆ ಅಳಲಿಲ್ಲ, ಬೆವರಲಿಲ್ಲ. ಮೊಬೈಲ್ ತೆಗೆದು ಬೈಕ್ ಟ್ಯಾಕ್ಸಿಯ ಬುಕಿಂಗುಗಳನ್ನು ತೋರಿಸಿದಳು. ಬಸವೇಶ್ವರನಗರದ ಅಕ್ಕನಿಗೆ ಮಂಡಿ ಆಪರೇಷನ್ ಆಗಿತ್ತು. ದಿನಾ ಬೆಳಿಗ್ಗೆ ಹೋಗಿ ಅಡುಗೆ ಮಾಡಿಟ್ಟು ಬರುತ್ತಿದ್ದಳು. ತಾರೀಖು, ಹೊತ್ತು, ಗಾಡಿ ನಂಬರು ಎಲ್ಲ ಫೋಟೋಗಳಿಗೆ ಸರಿಯಾಗಿ ಕೂಡಿಕೊಂಡವು. ಆದರೂ ಗಡ್ಡದವನು ಎರಡು ಸಲ ಯಾಕೆ ಬಂದ ಎಂದು ನಾನು ಕೇಳದೆ ಬಿಡಲಿಲ್ಲ.

"ಅವನ ಮನೆ ನಮ್ಮ ಏರಿಯಾದಲ್ಲೇ ಇರಬೇಕು ಮೇಡಂ. ನನಗೇನು ಗೊತ್ತು? ಹೆಲ್ಮೆಟ್ ವಾಸನೆ ಅಂತ ನಾನೇ ಕಮ್ಮಿ ಸ್ಟಾರ್ ಕೊಟ್ಟಿದೀನಿ."

ಪಾಟೀ ಸವಾಲಿನ ದಿನ ಗಂಡ ಇಸ್ತ್ರಿ ಮಾಡಿದ ಬಿಳಿ ಶರ್ಟು ತೊಟ್ಟು, ಹಣೆಗೆ ವಿಭೂತಿ ಇಟ್ಟುಕೊಂಡು ಕಟಕಟೆ ಹತ್ತಿದ. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೊಡುವ ಉತ್ಸಾಹ.

"ಈ ಫೋಟೋಗಳನ್ನ ನೀವೇ ತೆಗೆದಿದ್ದಾ?"

"ನಾನೇ ಮೇಡಂ. ಹಿಂದೇನೇ ಫಾಲೋ ಮಾಡಿ ತೆಗೆದಿದ್ದು."

"ನಿಮ್ಮ ಸ್ಕೂಟರಲ್ಲಿ ಹೋದ್ರಾ?"

"ಸ್ಕೂಟರ್ ತಗೊಂಡ್ರೆ ಅವಳಿಗೆ ಗುರುತು ಸಿಕ್ಕಿಬಿಡುತ್ತೆ. ಅಲ್ದೆ ಓಡಿಸ್ತಾ ಫೋಟೋ ತೆಗೆಯಕ್ಕಾಗಲ್ಲ."

"ಮತ್ತೆ ಯಾವುದರಲ್ಲಿ ಹೋದ್ರಿ?"

"ಬೈಕ್ ಟ್ಯಾಕ್ಸಿ ಮಾಡ್ಕೊಂಡು."

"ಹತ್ತು ದಿನವೂ?"

"ಹತ್ತು ದಿನವೂ."

"ಒಬ್ಬನೇ ಬರ್ತಿದ್ನಾ?"

"ಇಲ್ಲ ಮೇಡಂ, ದಿನಾ ಬೇರೆ ಬೇರೆಯವರು."

ನಾನು ಕಡತ ಮುಚ್ಚಿದೆ. "ಅವರೆಲ್ಲರ ಜೊತೆ ನಿಮಗೇನು ಸಂಬಂಧ ಅಂತ ಕೋರ್ಟಿಗೆ ಹೇಳಿ."

ಎಳನೀರು ಗಾಡಿಯ ಹಿಂದೆ

ಗೆದ್ದೆವು ಎಂದು ನಾನು ಬೀಗಲಿಲ್ಲ. ನನ್ನನ್ನು ಇನ್ನೊಂದು ವಿಷಯ ಕೊರೆಯುತ್ತಿತ್ತು. ಪ್ರತಿ ಶನಿವಾರ ಸಂಜೆ ಐದರಿಂದ ಏಳರವರೆಗೆ ಆಕೆ ಫೋನ್ ಎತ್ತುತ್ತಿರಲಿಲ್ಲ. ಕೇಳಿದರೆ ಒಂದು ವಾರ ದೇವಸ್ಥಾನ, ಒಂದು ವಾರ ತಲೆನೋವು, ಇನ್ನೊಂದು ವಾರ ಮಗಳ ಗೆಳತಿಯ ಬರ್ತ್‌ಡೇ. ಮೂರು ವಾರಕ್ಕೆ ಮೂರು ಕಾರಣ ಹೇಳುವವರನ್ನು ನಾನು ನಂಬುವುದಿಲ್ಲ. ನಾಳೆ ಕೋರ್ಟಿನಲ್ಲಿ ಇದು ಎದುರು ಪಕ್ಷದವರ ಬಾಯಿಂದ ಬಂದರೆ ಕೇಸು ಅಲ್ಲಿಗೆ ಮುಗಿಯಿತು.

ಹಾಗಾಗಿ ನಾಚಿಕೆ ಬಿಟ್ಟು ಹೇಳುತ್ತೇನೆ, ಒಂದು ಶನಿವಾರ ನಾನೇ ಹೊರಟೆ. ತಲೆಗೆ ಸೆರಗು, ಕಣ್ಣಿಗೆ ಕಪ್ಪು ಕನ್ನಡಕ. ಅತ್ತಿಗುಪ್ಪೆ ಮೆಟ್ರೋ ಸ್ಟೇಷನ್ನಿನ ಹತ್ತಿರ ಆಕೆ ಒಂದು ಕಟ್ಟಡದ ಮೆಟ್ಟಿಲು ಹತ್ತಿದಳು. ಎದುರಿಗೆ ಎಳನೀರಿನ ತಳ್ಳುಗಾಡಿ ಇತ್ತು. ನಾನು ಕಾಯಿ ರಾಶಿಯ ಹಿಂದೆ ನಿಂತು ಒಂದು ಎಳನೀರು ಕುಡಿದೆ. ಆಕೆ ಇಳಿಯಲಿಲ್ಲ. ಇನ್ನೊಂದು ಕುಡಿದೆ. ಇಳಿಯಲಿಲ್ಲ. ಮೂರನೆಯದು ಅರ್ಧ ಆಗಿತ್ತು, ಗಾಡಿಯ ಆ ತುದಿಯಿಂದ ಯಾರೋ ಮೆಲ್ಲಗೆ ಕೆಮ್ಮಿದರು.

ಮಂಕಿ ಕ್ಯಾಪು ಹಾಕಿಕೊಂಡು, ಕೈಯಲ್ಲಿ ಎಳನೀರು ಹಿಡಿದು ಆಕೆಯ ಗಂಡ ನಿಂತಿದ್ದ.

ಇಬ್ಬರೂ ಎರಡು ನಿಮಿಷ ಕಾಯಿಗಳನ್ನು ನೋಡಿದೆವು. ನಾನು ಏನೂ ಆಗಿಲ್ಲವೆಂಬಂತೆ, "ಈ ಕಡೆ ಎಳನೀರು ಚೆನ್ನಾಗಿರುತ್ತೆ ಅಂತ ಬಂದೆ," ಅಂದೆ.

"ಮೂರು ಕುಡಿದ್ರಲ್ಲ ಮೇಡಂ, ಎಣಿಸ್ತಾ ಇದ್ದೆ," ಅಂದ ಆತ. ಆಮೇಲೆ ದನಿ ತಗ್ಗಿಸಿ, ಬಹಳ ದಿನದ ಗೆಳೆಯನ ಹಾಗೆ ಹತ್ತಿರ ಬಂದ. "ನಿಮಗೂ ಡೌಟು ಅನ್ನಿ!"

ನನ್ನ ಜೀವಮಾನದಲ್ಲಿ ಅಷ್ಟು ಬೇಗ ಆಟೋ ಹತ್ತಿದವಳಲ್ಲ. ಸೋಮವಾರ ಆಕೆಯನ್ನು ಕೂರಿಸಿ ಗದರಿದಾಗ ಬಾಯಿ ಬಿಟ್ಟಳು. ಆ ಕಟ್ಟಡದ ಮೇಲೆ ಕಂಪ್ಯೂಟರಿನಲ್ಲಿ ಲೆಕ್ಕಪತ್ರ ಬರೆಯುವುದನ್ನು ಕಲಿಸುವ ಕ್ಲಾಸು ಇತ್ತು. ಕೆಲಸ ಕಲಿಯುತ್ತಿರುವುದು ಗೊತ್ತಾದರೆ ಜೀವನಾಂಶ ಕೊಡುವುದಿಲ್ಲ ಎಂದು ಯಾರೋ ಹೆದರಿಸಿದ್ದರಂತೆ. "ಕಲಿಯೋದು ಬೇರೆ, ಸಂಪಾದಿಸೋದು ಬೇರೆ ಕಣಮ್ಮ. ನನ್ನ ಹತ್ತಿರ ಯಾಕೆ ಸುಳ್ಳು ಹೇಳಿದೆ?" ಎಂದು ರೇಗಿದೆ.

ಆಕೆ ತಲೆ ತಗ್ಗಿಸಿ, "ತಪ್ಪಾಯ್ತು ಮೇಡಂ," ಅಂದಳು. ಆಮೇಲೆ ಕಣ್ಣಷ್ಟೇ ಮೇಲೆತ್ತಿ, "ಆದ್ರೆ ಕ್ಲಾಸಿನ ಕಿಟಕಿಯಿಂದ ನೋಡಿದೆ. ನೀವೂ ಅವರೂ ಒಟ್ಟಿಗೆ ಎಳನೀರು ಕುಡೀತಾ ಇದ್ರಲ್ಲ, ಅದೇನು ಮೇಡಂ?" ಅಂತ ಕೇಳಿದಳು.

ಯಾರ ಮನೆ ವಿಷಯಕ್ಕೂ ಹೋಗದ ಆಂಟಿ

ಬೈಕಿನವರು ಕೈಕೊಟ್ಟ ಮೇಲೆ ಗಂಡ ಒಬ್ಬ ಸಾಕ್ಷಿಯನ್ನು ಕರೆತಂದ. ಕೆಂಗೇರಿ ಉಪನಗರದಲ್ಲಿ ಅವರ ಮನೆಯ ಎದುರು ಮನೆಯ ಆಂಟಿ. ರೇಷ್ಮೆ ಸೀರೆ ಉಟ್ಟು, ತಲೆ ತುಂಬ ಕನಕಾಂಬರ ಮುಡಿದು, ಮದುವೆ ಮನೆಗೆ ಬಂದವರ ಹಾಗೆ ಸುತ್ತ ನೋಡುತ್ತ ಕಟಕಟೆಗೆ ಬಂದರು. ಆ ಮನೆಯ ಸೊಸೆ ಕೆಂಗೇರಿಯಲ್ಲಿದ್ದಾಗಲೇ ಗಂಡನಿಲ್ಲದ ವೇಳೆ ಒಬ್ಬ ಗಂಡಸು ಮನೆಗೆ ಬರುತ್ತಿದ್ದ ಎನ್ನುವುದು ಅವರ ಹೇಳಿಕೆ.

"ನೀವು ಅಕ್ಕಪಕ್ಕದ ಮನೆಯವರ ವಿಷಯ ಗಮನಿಸ್ತಾ ಇರ್ತೀರಾ?" ಎಂದು ಶುರು ಮಾಡಿದೆ.

"ಅಯ್ಯೋ, ಇಲ್ಲಪ್ಪ! ನಾನಾಯ್ತು ನನ್ನ ಮನೆಯಾಯ್ತು. ಯಾರ ಮನೆ ವಿಷಯಕ್ಕೂ ಹೋಗೋಳಲ್ಲ."

"ಹಾಗಾದ್ರೆ ಆ ಗಂಡಸು ಬಂದಿದ್ದು ನಿಮಗೆ ನೆನಪಿರಲಾರದು."

ಆಂಟಿಗೆ ಅವಮಾನವಾಯಿತು. "ನೆನಪಿಲ್ದೆ ಏನು? ಹನ್ನೊಂದೂಕಾಲಿಗೆ ಬಂದ. ಬೂದು ಪ್ಯಾಂಟು, ಹೆಗಲಿಗೆ ಬ್ಯಾಗು. ನಮ್ಮ ಕುಕ್ಕರ್ ಮೂರು ಸಲ ಕೂಗೋದ್ರೊಳಗೆ ಹೊರಟುಹೋದ. ಹೋಗ್ತಾ ಚೀಟಿ ಕೊಟ್ಟ."

"ಎಂಥ ಚೀಟಿ?"

"ಕರೆಂಟ್ ಬಿಲ್ಲು. ಆಮೇಲೆ ನಮ್ಮನೆಗೂ ಬಂದು ಕೊಟ್ಟ."

ಎದುರು ಪಕ್ಷದ ವಕೀಲರು ತಮ್ಮ ಪೆನ್ನಿನ ಮುಚ್ಚಳ ಹಾಕಿದರು. ನಾನು ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಇಷ್ಟು ಕಂಡವರು ಆ ಮನೆಯ ಗಂಡಸನ್ನು ಮಾತ್ರ ಕಾಣದೆ ಬಿಟ್ಟಾರೆಯೇ ಎಂದು ಅನುಮಾನ ಬಂತು. "ಮನೆ ಯಜಮಾನರು ಆ ಹೊತ್ತಿನಲ್ಲಿ ಎಲ್ಲಿದ್ರು?"

"ಅವರಾ? ಬುಧವಾರ ಅಲ್ವಾ, ಬಾಪೂಜಿ ನಗರಕ್ಕೆ ಹೋಗಿರ್ತಾರೆ."

"ಬಾಪೂಜಿ ನಗರದಲ್ಲಿ ಏನು?"

"ಏನು ಅಂತ ನನಗೇನು ಗೊತ್ತು? ನಾನು ಯಾರ ವಿಷಯಕ್ಕೂ ಹೋಗಲ್ಲ. ಅಲ್ಲಿನ ಬ್ಯೂಟಿ ಪಾರ್ಲರಿನೋಳು ಬುಧವಾರ, ಶುಕ್ರವಾರ ಬಿಳಿ ಕಾರಲ್ಲಿ ನಮ್ಮ ರಸ್ತೆ ಮೂಲೇಲಿ ಕಾಯ್ತಾ ಇರ್ತಾಳೆ. ಇವರು ಸೆಂಟ್ ಹಾಕ್ಕೊಂಡು ಹೋಗ್ತಾರೆ. ಬರುವಾಗ ಸೆಂಟ್ ಬೇರೆ ಇರುತ್ತೆ."

ಗಂಡ ತನ್ನದೇ ಸಾಕ್ಷಿಯನ್ನು ನುಂಗುವ ಹಾಗೆ ನೋಡುತ್ತಿದ್ದ. ಆಂಟಿ ಸೆರಗು ಸರಿಮಾಡಿಕೊಂಡು ನ್ಯಾಯಾಧೀಶರ ಕಡೆ ತಿರುಗಿದರು. "ಸ್ವಾಮಿ, ಈ ಹುಡುಗಿ ಅತ್ತಿಗುಪ್ಪೆಗೆ ಹೋದಮೇಲೆ ಏನಾಯ್ತು ಅಂತ ಮಾತ್ರ ನನ್ನ ಕೇಳಬೇಡಿ. ನಮ್ಮ ಬಾಲ್ಕನಿಯಿಂದ ಅಷ್ಟು ದೂರ ಕಾಣಲ್ಲ."

ಹದಿನಾಲ್ಕು ಫೋಟೋ

ಇಷ್ಟಾದ ಮೇಲೂ ಆತ ಸೋಲು ಒಪ್ಪಲಿಲ್ಲ. ಮುಂದಿನ ತಾರೀಖಿಗೆ ಹದಿನಾಲ್ಕು ಹೊಸ ಫೋಟೋ ಹಾಜರಾದವು. ಎಂಟು ತಿಂಗಳಲ್ಲಿ ಬೇರೆ ಬೇರೆ ದಿನ ತೆಗೆದದ್ದು. ಎಲ್ಲದರಲ್ಲೂ ಅತ್ತಿಗುಪ್ಪೆಯ ಮನೆಯ ಬಾಗಿಲು, ಬಾಗಿಲ ಮುಂದೆ ಗಂಡಸಿನ ಒಂದು ಜೊತೆ ಕಂದು ಚಪ್ಪಲಿ.

ಬೈಕಿನವರಿಗೆ ಬುಕಿಂಗ್ ಇತ್ತು, ಬ್ಯಾಗಿನವನಿಗೆ ಕರೆಂಟ್ ಬಿಲ್ಲಿತ್ತು. ಚಪ್ಪಲಿಗೆ ಏನು ತೋರಿಸುವುದು?

"ಹೆದರಿಕೆಗೆ ಇಟ್ಟಿದೀನಿ ಮೇಡಂ," ಅಂದಳು ಆಕೆ. "ಹೆಂಗಸರು ಇಬ್ಬರೇ ಇರೋ ಮನೆ ಅಂತ ಬಂದವರಿಗೆ ಗೊತ್ತಾಗಬಾರದು ಅಂತ."

ಅದು ಸುಳ್ಳಲ್ಲ. ಒಂಟಿ ಹೆಂಗಸರು ಬಾಗಿಲಲ್ಲಿ ಗಂಡಸಿನ ಚಪ್ಪಲಿ ಇಡುವುದು ನಮ್ಮ ಕಡೆ ಎಷ್ಟೋ ಮನೆಗಳಲ್ಲಿದೆ. "ಅಂಗಡೀಲಿ ತಗೊಂಡ್ಯಾ?"

"ಇಲ್ಲ."

"ಮತ್ತೆ ಯಾರದ್ದು?"

ಆಕೆ ನೆಲ ನೋಡಿದಳು. "ಹೇಳಕ್ಕಾಗಲ್ಲ ಮೇಡಂ. ಕೊಟ್ಟವರಿಗೆ ಮಾತು ಕೊಟ್ಟಿದೀನಿ. ನಾನು ಬಾಯಿಬಿಟ್ರೆ ಅವರಿಗೆ ಮನೇಲಿ ತೊಂದರೆ ಆಗುತ್ತೆ."

ಬೈದೆ, ಬೇಡಿದೆ, ಮಗಳ ಮುಖ ನೋಡು ಅಂದೆ, ಬಾಡಿಗೆ ನೆನಪಿಸಿದೆ. ಕಣ್ಣಲ್ಲಿ ನೀರು ಬಂತೇ ಹೊರತು ಹೆಸರು ಬರಲಿಲ್ಲ. ಚಪ್ಪಲಿಯನ್ನಾದರೂ ತಾ ಅಂದೆ. ತಂದಳು. ಟೇಬಲ್ ಲ್ಯಾಂಪ್ ಹಾಕಿ ನೋಡಿದೆ. ಹೊಸದಲ್ಲ, ಯಾರೋ ಚೆನ್ನಾಗಿ ತುಳಿದು ಸವೆಸಿದ್ದು. ಎಡಗಾಲಿನದು ಹೆಬ್ಬೆರಳಿನ ಹತ್ತಿರ ಕೆಂಪು ದಾರದಲ್ಲಿ ಹೊಲಿಸಿದ್ದು. ಮನೇಲಿ ತೊಂದರೆ ಆಗುತ್ತೆ ಅಂದರೆ ಸಂಸಾರಸ್ಥನೇ ಇರಬೇಕು! ನಿಜ ಹೇಳುತ್ತೇನೆ, ಅಂದು ರಾತ್ರಿ ನನ್ನ ನಂಬಿಕೆ ಪೂರ್ತಿ ಸತ್ತುಹೋಗಿತ್ತು. ಆಕೆಯ ಮೇಲೆ ಸಿಟ್ಟೂ ಬಂತು, ದುಃಖವೂ ಆಯಿತು.

ಕೋರ್ಟಿನಲ್ಲಿ ಗಂಡ ಮತ್ತೆ ಕಟಕಟೆ ಹತ್ತಿದ. ನಾನು ಆ ಚಪ್ಪಲಿಗಳನ್ನು ಪೇಪರಿನ ಮೇಲಿಟ್ಟು ತೋರಿಸಿದೆ.

"ಫೋಟೋದಲ್ಲಿರೋದು ಇವೇನಾ?"

"ಇವೇ. ಆ ಗಂಡಸಿಂದೇ."

"ಅವನನ್ನ ನೋಡಿದೀರಾ?"

"ಚಪ್ಪಲಿ ನೋಡಿದೀನಲ್ಲ!"

"ಹದಿನಾಲ್ಕು ಫೋಟೋದಲ್ಲೂ ಒಂದೇ ಜಾಗದಲ್ಲಿ, ಒಂದೇ ಥರ ಇವೆ. ಎಂಟು ತಿಂಗಳಲ್ಲಿ ಅವನು ಹೊರಗೇ ಹೋಗಲಿಲ್ವಾ?"

"ಬರಿಗಾಲಲ್ಲಿ ಹೋಗಿರಬಹುದು. ಅಯ್ಯಪ್ಪನ ಮಾಲೆ ಹಾಕಿರಬಹುದಲ್ಲ?"

ನ್ಯಾಯಾಧೀಶರು ಬರೆಯುವುದನ್ನು ನಿಲ್ಲಿಸಿದರು. "ಮಾಲೆ ಹಾಕಿದವರು ಬ್ರಹ್ಮಚರ್ಯದಲ್ಲಿ ಇರ್ತಾರಲ್ರೀ? ಹಾಗಾದ್ರೆ ನಿಮ್ಮ ಆರೋಪ ಏನು?"

ಆತ ತನ್ನ ವಕೀಲರ ಕಡೆ ತಿರುಗಿದ. ಆದರೆ ಚಪ್ಪಲಿ ಮಾತ್ರ ಅಲ್ಲೇ ಇತ್ತು, ಅದಕ್ಕೆ ಯಜಮಾನ ಬೇಕಿತ್ತು. ಅವನ ಕಡೆಯ ಕೊನೆಯ ಸಾಕ್ಷಿಯಾಗಿ ಹೆತ್ತ ತಾಯಿ ಬಂದರು. ಎಪ್ಪತ್ತರ ಹತ್ತಿರದ ಹೆಂಗಸು, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದರು. ಸೊಸೆಯ ನಡತೆ ಸರಿಯಿಲ್ಲ ಎಂದು ಮಗನ ವಕೀಲರು ಬರೆದಿದ್ದ ಹೇಳಿಕೆಗೆ ಸಹಿ ಹಾಕಿದ್ದರು. ದೇವರ ಮೇಲೆ ಪ್ರಮಾಣ ಮಾಡಿಸಿದರು.

ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ವಕೀಲರು ಕೇಳಬಾರದು ಎಂದು ನನ್ನ ಸೀನಿಯರ್ ಹೇಳಿಕೊಟ್ಟಿದ್ದರು. ಅಂದು ಬೇರೆ ದಾರಿ ಇರಲಿಲ್ಲ.

"ಅಮ್ಮಾ, ಈ ಜೋಡು ಯಾರದ್ದು ಅಂತ ನಿಮಗೆ ಗೊತ್ತಾ?"

ಮುದುಕಿ ಚಪ್ಪಲಿ ನೋಡಿದರು. ಸೊಸೆಯ ಕಡೆ ನೋಡಿದರು. ಸೊಸೆ ಬೇಡ ಬೇಡ ಎಂದು ತಲೆಯಾಡಿಸಿದಳು. ಆಗ ನನಗೆ ಏನೋ ಹೊಳೆಯಿತು.

"ಆಣೆ ಮಾಡಿಬಿಟ್ಟಿದೀನಲ್ಲ, ಇನ್ನೇನು ಮಾಡ್ಲಿ," ಅಂದರು ಮುದುಕಿ. ಆಮೇಲೆ ಮಗನ ಕಡೆ ತಿರುಗಿದವರೇ, "ಲೋ, ನಿನ್ನ ಜೋಡು ನಿನಗೇ ಗುರುತು ಸಿಗಲಿಲ್ವೇನೋ? ಎಡಗಾಲು ಎಳೆದು ಎಳೆದು ನಡೀತೀಯ, ಕೆಂಗೇರಿ ಬಸ್ ಸ್ಟಾಂಡ್ ಹತ್ತಿರ ನಾನೇ ಅಲ್ವೇನೋ ಹೊಲಿಸ್ಕೊಂಡು ಬಂದಿದ್ದು? ಅವಳು ಮನೆ ಬಿಟ್ಟ ದಿನ ನಾನೇ ಬ್ಯಾಗಿಗೆ ಹಾಕಿ ಕಳಿಸಿದೆ. ಹೆಣ್ಣು ಹೆಂಗಸು ಇಬ್ಬರೇ ಇರ್ತಾರೆ, ಬಾಗಿಲಲ್ಲಿ ಗಂಡಸಿನ ಜೋಡಾದ್ರೂ ಇರ್ಲಿ ಅಂತ. ನಿನಗೆ ಹೇಳಿದ್ರೆ ನನ್ನೂ ಆಚೆಗೆ ಹಾಕ್ತಿದ್ದೆ," ಅಂದರು.

ನ್ಯಾಯಾಧೀಶರು ಗಂಡನನ್ನು ಕರೆದು, ಒಮ್ಮೆ ಹಾಕಿಕೊಂಡು ನೋಡಿ ಅಂದರು. ಹಾಕಿಕೊಂಡ. ಹೇಳಿ ಮಾಡಿಸಿದ ಹಾಗೆ ಕೂತವು. ಎಂಟು ತಿಂಗಳು ಬೆನ್ನಟ್ಟಿದ ಪರಪುರುಷ ಕೊನೆಗೂ ಸಿಕ್ಕಿದ್ದ.

ಜೀವನಾಂಶದ ಆದೇಶ ಮುಂದಿನ ತಾರೀಖಿಗೆ ಬಂತು, ಮನೆ ಬಾಡಿಗೆಯೂ ಸೇರಿ. ಆದರೆ ಅಂದೇ ಹೊರಗೆ ಕಾರಿಡಾರಿನಲ್ಲಿ ನಡೆದದ್ದನ್ನು ಹೇಳಲೇಬೇಕು. ನಾನು ಆಕೆಯ ಕ್ಷಮೆ ಕೇಳುತ್ತಿದ್ದೆ, ಆಕೆ ಅಳುತ್ತ ನಗುತ್ತಿದ್ದಳು. ಅಷ್ಟರಲ್ಲಿ ಮುದುಕಿ ಮಗನ ತೋಳು ಹಿಡಿದುಕೊಂಡು ಬಂದು, ಅವನ ಕಾಲಲ್ಲಿದ್ದ ಹೊಚ್ಚ ಹೊಸ ಚಪ್ಪಲಿ ಬಿಚ್ಚಿಸಿ ಸೊಸೆಯ ಕೈಗೆ ಕೊಟ್ಟರು.

"ಇದನ್ನ ಇಟ್ಕೊಳ್ಳೇ. ಆ ಹಳೇದು ಸವೆದುಹೋಗಿದೆ, ಕಳ್ಳರು ನಂಬಲ್ಲ."

ಆತ ಹಳೆಯ ಜೋಡು ಹಾಕಿಕೊಂಡು, ಎಡಗಾಲು ಎಳೆಯುತ್ತ ಮೆಟ್ಟಿಲಿಳಿದು ಹೋದ.